ಪುಷ್ಯ ಮಳೆಯಲ್ಲಿ ಕುಂಡಕ್ಕೆ ಎರಡು ಹೊತ್ತು ನೀರಾ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ತಾರಸಿ ತೋಟದ ಬಗ್ಗೆ ಅರ್ಧ ಪುಟ ಬಂದಿತ್ತು. ಟೊಮೆಟೊ, ಕ್ಯಾಪ್ಸಿಕಂ, ಕೊತ್ತಂಬರಿ, ಚಂದದ ಫೋಟೊಗಳು. ಬೆಳಿಗ್ಗೆ, ಸಂಜೆ ತಪ್ಪದೆ ನೀರು ಹಾಕಿ ಅಂತ ದಪ್ಪಕ್ಷರದಲ್ಲಿ ಹಾಕಿದ್ದಿರಿ. ಅದನ್ನು ಓದಿ ಮುಗಿಸಿದವಳೇ ಅದೇ ಪೇಪರ್ ತಲೆ ಮೇಲೆ ಹಿಡಿದುಕೊಂಡು ತಾರಸಿಗೆ ಓಡಿದೆ, ಯಾಕಂದರೆ ನಾಲ್ಕು ದಿನದಿಂದ ಬಿಡದೆ ಸುರಿಯುತ್ತಿದ್ದ ಮಳೆಗೆ ನನ್ನ ಬದನೆ ಬಕೆಟ್ಟಿನಲ್ಲಿ ನೀರು ನಿಂತು ಗೊಬ್ಬರ ಮೇಲೆ ತೇಲುತ್ತಿತ್ತು. ಪುರವಣಿ ಅಲ್ಲೇ ಮುದ್ದೆಯಾಯಿತು. ಬೇಜಾರು ಮಾಡಿಕೊಳ್ಳಬೇಡಿ.

ಲೇಖನದಲ್ಲಿ ಬರೆದದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬರೆದವರು ಬೆಂಗಳೂರಿನವರೋ ಮೈಸೂರಿನವರೋ ಇರಬೇಕು, ಅವರ ತಾರಸಿಗೆ ಅದು ಸರಿಯೇ. ಆದರೆ ಅದೇ ಪುಟ ಶಿವಮೊಗ್ಗ ಆವೃತ್ತಿಯಲ್ಲೂ ಬರುತ್ತದೆ, ತೀರ್ಥಹಳ್ಳಿಗೂ ಹೋಗುತ್ತದೆ, ಆಗುಂಬೆಗೂ ಹೋಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿಯ ಓದುಗರು ಈ ನೀರು ಹಾಕುವ ಸಲಹೆ ಓದಿ ಎಷ್ಟು ನಕ್ಕಿರಬಹುದು!

ನಾನು ಹೊಸನಗರ ಕಡೆಯವಳು. ತವರಿನಲ್ಲಿ ತರಕಾರಿ ಬೆಳೆಯುವುದು ಅಂತ ಯಾರೂ ಪ್ರತ್ಯೇಕವಾಗಿ ಹೇಳುತ್ತಿರಲಿಲ್ಲ. ಬಚ್ಚಲ ನೀರು ಹೋಗುವಲ್ಲಿ ಕೆಸು ಇರುತ್ತಿತ್ತು, ಬಾವಿಕಟ್ಟೆ ಪಕ್ಕ ಒಂದೆಲಗ, ಬೇಲಿ ದಾಟುವ ದಣಪೆ ಹತ್ತಿರ ಬಸಳೆ ಚಪ್ಪರ. ಅಮ್ಮ ಒಲೆ ಮೇಲೆ ಅನ್ನಕ್ಕೆ ಇಟ್ಟು ಹಿತ್ತಲಿಗೆ ಹೋಗಿ ಬಂದರೆ ತಂಬುಳಿಗೆ ಆಗುತ್ತಿತ್ತು. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಗೋಪಾಲ ಬಡಾವಣೆಯಲ್ಲಿ ಬಾಡಿಗೆ ಮನೆ, ಮೊದಲನೇ ಮಹಡಿ. ಮಣ್ಣು ಮುಟ್ಟಬೇಕು ಅಂದರೆ ಬಕೆಟ್ಟಿನಲ್ಲೇ ಮುಟ್ಟಬೇಕು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ಸಂಜೆ ಒಂದು ಗಂಟೆ ತಾರಸಿಗೆ ಹೋಗುತ್ತೇನೆ. ಆರು ವರ್ಷ ಆಯಿತು.

ಮೊದಲನೇ ವರ್ಷ ನಾನೂ ಇಂಥದ್ದೇ ಒಂದು ಲೇಖನ ಓದಿ ಮೋಸ ಹೋದವಳು. ಅಂಗಡಿಯೊಂದರಲ್ಲಿ ತಾರಸಿ ತೋಟದ ಕಿಟ್ ಅಂತ ಕೊಟ್ಟರು. ಇಪ್ಪತ್ತು ಗ್ರೋ ಬ್ಯಾಗು, ಇಟ್ಟಿಗೆಯ ಹಾಗಿರುವ ಕೋಕೋಪೀಟ್, ಬೀಜದ ಪೊಟ್ಟಣಗಳು. ಮಳೆಗಾಲ ಶುರುವಾಗ್ತಿದೆ, ನೀರಿನ ಚಿಂತೆ ಇಲ್ಲ ಅಂತ ಜೂನ್ ತಿಂಗಳಲ್ಲೇ ಟೊಮೆಟೊ, ಕೊತ್ತಂಬರಿ, ಪಾಲಕ್ ಎಲ್ಲ ಹಾಕಿದೆ. ಕೊತ್ತಂಬರಿ ಆರಿದ್ರಾ ಮಳೆಗೆ ಮಣ್ಣಿನ ಜೊತೆ ಮಲಗಿತು. ಪಾಲಕ್ ಎಲೆ ತುಂಬಾ ಚುಕ್ಕೆ. ಟೊಮೆಟೊ ಮಾತ್ರ ಸೊಂಟದೆತ್ತರ ಬಂತು, ಹೂವೂ ಬಿಟ್ಟಿತು, ಆಮೇಲೆ ಒಂದು ಮಧ್ಯಾಹ್ನ ಹಸಿರು ಎಲೆ ಹಸಿರಾಗಿಯೇ ಜೋತುಬಿದ್ದವು. ನಾನು ನೀರು ಸಾಲಲಿಲ್ಲವೇನೋ ಅಂತ ಇನ್ನೂ ಒಂದು ಚೊಂಬು ಸುರಿದೆ ನೋಡಿ! ಮೂರು ದಿನಕ್ಕೆ ಗಿಡ ಸತ್ತಿತು.

ತವರಿಗೆ ಫೋನ್ ಮಾಡಿದಾಗ ದೊಡ್ಡಪ್ಪ ಹೇಳಿದರು, "ಕಾಂಡ ಕುಯ್ದು ಗಾಜಿನ ಲೋಟದ ನೀರಲ್ಲಿ ಇಟ್ಟು ನೋಡೇ, ಆಮೇಲೆ ಅಳು." ಬುಡದ ಹತ್ತಿರ ಒಂದು ಗೇಣು ಕುಯ್ದು ತೆಳ್ಳಗಿನ ಲೋಟದಲ್ಲಿ ತಿಳಿನೀರು ತುಂಬಿ, ತುದಿ ಮಾತ್ರ ನೀರಿಗೆ ತಾಗುವ ಹಾಗೆ ಹಿಡಿದೆ. ಒಂದೆರಡು ನಿಮಿಷ ಏನೂ ಇಲ್ಲ. ಆಮೇಲೆ ಕುಯ್ದ ಜಾಗದಿಂದ ಹಾಲಿನ ಹಾಗೆ ಬೆಳ್ಳಗೆ ಒಂದು ಎಳೆ ಸಣ್ಣಗೆ ಕೆಳಗಿಳಿಯಿತು, ಅದರ ಪಕ್ಕ ಇನ್ನೊಂದು. ಸೂಜಿಯಿಂದ ದಾರ ಇಳಿಬಿಟ್ಟ ಹಾಗೆ. ಅದು ಸೊರಗು ರೋಗದ ಬ್ಯಾಕ್ಟೀರಿಯಾ. ಗಿಡದೊಳಗೆ ನೀರು ಹತ್ತುವ ದಾರಿಯನ್ನೇ ಅದು ಮುಚ್ಚುತ್ತದೆ, ಹಾಗಾಗಿ ಬುಡದಲ್ಲಿ ನೀರು ತುಂಬಿದ್ದರೂ ಗಿಡ ಬಾಯಾರಿ ಸಾಯುತ್ತದೆ. ತೇವ, ಸೆಕೆ, ಹುಳಿ ಮಣ್ಣು ಮೂರೂ ಅದಕ್ಕೆ ಇಷ್ಟ. ನಮ್ಮಲ್ಲಿ ಮೂರೂ ಉಂಟು. ಒಮ್ಮೆ ಬಂದರೆ ಆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಟೊಮೆಟೊ ಸತ್ತ ಬ್ಯಾಗಿಗೆ ಬದನೆ, ಮೆಣಸಿನ ಗಿಡ ಹಾಕಿದರೆ ಅವೂ ಹೋಗುತ್ತವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ಟೊಮೆಟೊ ಈ ರೋಗ ತಡೆಯುತ್ತದೆ, ಈಗ ಅದನ್ನೇ ಹಾಕುತ್ತೇನೆ. ಇದೊಂದು ಸಾಲು ಆ ಅರ್ಧ ಪುಟದಲ್ಲಿ ಇದ್ದಿದ್ದರೆ ಎಷ್ಟು ಜನರಿಗೆ ಉಪಕಾರ ಆಗುತ್ತಿತ್ತು ಅಲ್ವಾ?

ನಾನು ಹೇಳಬೇಕು ಅಂತಿರುವುದು ಇಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಕುಂಡದ ಕೆಲಸ ಅಂದರೆ ನೀರು ತೆಗೆಯುವ ಕೆಲಸ. ಅದನ್ನು ಯಾರೂ ಬರೆಯುವುದಿಲ್ಲ.

ಕೋಕೋಪೀಟನ್ನೇ ನೋಡಿ. ತೆಂಗಿನ ನಾರಿನ ಪುಡಿ, ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರಿ ಹಿಡಿದುಕೊಳ್ಳುತ್ತದೆ. ಬಿಸಿಲೂರಿನಲ್ಲಿ ಅದೇ ಅದರ ಗುಣ. ಪುಷ್ಯ ಮಳೆಯಲ್ಲಿ ಅದೇ ಅದರ ದೋಷ, ಬೇರು ಹದಿನೈದು ದಿನ ಒದ್ದೆ ಬಟ್ಟೆ ಸುತ್ತಿಕೊಂಡು ಕೂತ ಹಾಗೆ. ಮಳೆಗಾಲದ ಕುಂಡಕ್ಕೆ ನಾನು ಕೋಕೋಪೀಟ್ ಹಾಕುವುದು ಬಿಟ್ಟಿದ್ದೇನೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಅಕ್ಕಿ ಮಿಲ್ಲಿನ ಭತ್ತದ ಹೊಟ್ಟು. ಹೊಟ್ಟು ಮಣ್ಣನ್ನು ಬಿಡಿಬಿಡಿಯಾಗಿ ಇಡುತ್ತದೆ, ಬೇಗ ಕೊಳೆಯುವುದೂ ಇಲ್ಲ. ಮರಳೂ ಆಗುತ್ತದೆ, ಆದರೆ ತುಂಗೆಯ ಮರಳಿನ ರೇಟು ಕೇಳಿದರೆ ಗಿಡದ ಆಸೆಯೇ ಹೋಗುತ್ತದೆ. ಊರಿಂದ ಬರುವಾಗ ಎರಡು ವರ್ಷ ಕೊಳೆತ ಅಡಿಕೆ ಸಿಪ್ಪೆ ಸಿಕ್ಕರೆ ಚೀಲ ತುಂಬಿಸಿಕೊಂಡು ಬರುತ್ತೇನೆ. ಹೊಸ ಸಿಪ್ಪೆ ಬೇಡ, ಅದು ಕೊಳೆಯುವುದು ನಿಧಾನ, ಕೊಳೆಯುವಾಗ ಗಿಡದ ಸಾರಜನಕವನ್ನೂ ತಾನೇ ತಿನ್ನುತ್ತದೆ.

ಇನ್ನೊಂದು ಮಾತು ಎಲ್ಲರೂ ಹೇಳುತ್ತಾರೆ, ನಿಮ್ಮ ಲೇಖನದಲ್ಲೂ ಇತ್ತು. ಕುಂಡದ ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ, ನೀರು ಚೆನ್ನಾಗಿ ಬಸಿಯುತ್ತದೆ ಅಂತ. ಬಸಿಯುವುದಿಲ್ಲ. ಬೇಕಾದರೆ ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡವಾಗಿ ಅಂಗೈ ಮೇಲೆ ಇಟ್ಟುಕೊಳ್ಳಿ. ತೊಟ್ಟಿಕ್ಕುವುದು ನಿಲ್ಲಲಿ. ಈಗ ಅದೇ ಸ್ಪಂಜನ್ನು ಹಿಂಡದೆ ಸುಮ್ನೆ ಉದ್ದಕ್ಕೆ ಎತ್ತಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ! ಮಣ್ಣೂ ಹಾಗೇ. ಎಷ್ಟೇ ತೂತು ಇದ್ದರೂ ಮಣ್ಣಿನ ತಳದ ಒಂದಷ್ಟು ಎತ್ತರ ಒದ್ದೆಯಾಗಿಯೇ ಉಳಿಯುತ್ತದೆ, ಜಲ್ಲಿ ಹಾಕಿದರೆ ಆ ಒದ್ದೆ ಪಟ್ಟಿ ಜಲ್ಲಿಯ ಮೇಲೆ ಬಂದು ಬೇರಿಗೆ ಇನ್ನೂ ಹತ್ತಿರ ಆಗುತ್ತದೆ. ಹಾಗಾಗಿ ಮಳೆಗಾಲಕ್ಕೆ ಅಗಲ ಟ್ರೇಗಿಂತ ಎತ್ತರದ ಬಕೆಟ್ಟು ವಾಸಿ. ಮಣ್ಣು ತೂತಿನಿಂದ ಜಾರದಿರಲಿ ಅಂತ ಒಂದು ಹೆಂಚಿನ ಚೂರು ಇಟ್ಟರೆ ಸಾಕು.

ತೂತು ತಳದಲ್ಲಿ ಮಾತ್ರ ಇದ್ದರೆ ತಾರಸಿಗೆ ಕಚ್ಚಿಕೊಂಡು ಮುಚ್ಚಿಹೋಗುತ್ತದೆ. ಪಕ್ಕದಲ್ಲಿ, ತಳದಿಂದ ಒಂದು ಇಂಚು ಮೇಲೆ ನಾಲ್ಕು ತೂತು ಹಾಕಿ, ಕುಂಡವನ್ನು ಎರಡು ಇಟ್ಟಿಗೆ ಮೇಲೆ ಕೂರಿಸಿ. ಆದರೂ ಬೇರು, ಮಣ್ಣು ಸೇರಿ ತೂತು ಕಟ್ಟುತ್ತದೆ. ಅದಕ್ಕೆ ನನ್ನ ಹತ್ತಿರ ಒಂದು ಅಸ್ತ್ರ ಉಂಟು, ಮುರಿದ ಕೊಡೆಯ ಕಡ್ಡಿ. ಮಲೆನಾಡಿನ ಮನೆಯಲ್ಲಿ ಅದಕ್ಕೇನು ಬರ! ವಾರಕ್ಕೊಮ್ಮೆ ಪ್ರತಿ ತೂತಿಗೂ ಚುಚ್ಚಿ ತಿರುಗಿಸುತ್ತೇನೆ, ಕಟ್ಟಿದ್ದರೆ ಕಪ್ಪು ನೀರು ಬುಳುಕ್ ಅಂತ ಹೊರಗೆ ಬರುತ್ತದೆ. ಆ ನೀರು ವಾಸನೆ ಬಂದರೆ ಬೇರು ಕೊಳೆಯುತ್ತಿದೆ ಅಂತ ಲೆಕ್ಕ.

ಕುಂಡದ ಕೆಳಗೆ ಇಡುವ ತಟ್ಟೆಗಳನ್ನು ಮಳೆಗಾಲದಲ್ಲಿ ತೆಗೆದು ಒಳಗಿಡಿ. ಡೆಂಗ್ಯೂ ಸೊಳ್ಳೆ ಒಂದು ವಾರ, ಹತ್ತು ದಿನದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗುತ್ತದೆ, ಅದಕ್ಕೆ ಒಂದು ತಟ್ಟೆ ನೀರು ಸಾಕು. ಸುಮ್ನೆ ಚೆಲ್ಲಿದರೆ ಸಾಲದು, ಅಂಚಿಗೆ ಅಂಟಿದ ಮೊಟ್ಟೆ ಒಣಗಿದರೂ ಬದುಕಿರುತ್ತದೆ, ಉಜ್ಜಿ ತೊಳೆಯಬೇಕು.

ಮಳೆ ನೀರು ಇನ್ನೊಂದು ಕಳ್ಳತನವನ್ನೂ ಮಾಡುತ್ತದೆ. ಗೊಬ್ಬರದ ಸಾರವನ್ನೆಲ್ಲ ತೊಳೆದುಕೊಂಡು ಪೈಪಿನಲ್ಲಿ ಹೋಗುತ್ತದೆ. ಆಗಸ್ಟಿನಲ್ಲಿ ಕೆಳಗಿನ ಎಲೆ ಹಳದಿಯಾದರೆ ಎಲ್ಲರೂ ರೋಗ ಅಂತ ಔಷಧಿ ಹುಡುಕುತ್ತಾರೆ, ಹೆಚ್ಚಿನ ಸಲ ಅದು ಹಸಿವು. ಒಂದೇ ಸಲ ಬುಟ್ಟಿಗಟ್ಟಲೆ ಹಾಕಬೇಡಿ, ಹದಿನೈದು ದಿನಕ್ಕೊಮ್ಮೆ ಒಂದು ಮುಷ್ಟಿ ಗೊಬ್ಬರ ಕೊಡಿ. ಸುಣ್ಣದ ಅಂಶವೂ ಹೀಗೇ ತೊಳೆದು ಹೋಗುವುದರಿಂದಲೇ ನಮ್ಮ ಮಣ್ಣು ಹುಳಿ. ಮಣ್ಣು ತುಂಬಿಸುವ ಹದಿನೈದು ದಿನ ಮೊದಲು ಒಂದು ಬಕೆಟ್ ಮಣ್ಣಿಗೆ ಎರಡು ಚಮಚ ಕೃಷಿ ಸುಣ್ಣ ಕಲಸಿ ಇಡುತ್ತೇನೆ, ಗೊಬ್ಬರ ಆಮೇಲೆ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ. ಬಚ್ಚಲ ಒಲೆ ಇರುವವರು ಬೂದಿ ಬಳಸಬಹುದು, ನಮಗೆ ಇಲ್ಲಿ ಗೀಸರ್, ಬೂದಿಯೂ ಊರಿಂದಲೇ ಬರಬೇಕು. ಒಂದು ಎಚ್ಚರಿಕೆ. ತೋಟದವರ ಮನೆಯಲ್ಲಿ ಔಷಧಿ ಹೊಡೆದು ಉಳಿದ ಕ್ಯಾನುಗಳು ಪುಕ್ಕಟೆ ಸಿಗುತ್ತವೆ ಅಂತ ಅದರಲ್ಲಿ ಸೊಪ್ಪು ಹಾಕಬೇಡಿ, ಎಷ್ಟು ತೊಳೆದರೂ ಬೇಡ.

ಸರಿ, ಮಳೆಗಾಲದಲ್ಲಿ ಏನು ಬೆಳೆಯಬೇಕು? ಮೊದಲು ಬೆಳಕಿನ ವಿಷಯ. ಟೊಮೆಟೊ, ಬೆಂಡೆ, ಕ್ಯಾಪ್ಸಿಕಂ ಇಂಥ ಕಾಯಿ ಗಿಡಕ್ಕೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಜುಲೈನಲ್ಲಿ ನಮಗೆ ವಾರಕ್ಕೆ ಆರು ಗಂಟೆ ಸಿಕ್ಕರೆ ಪುಣ್ಯ. ಪ್ಲಾಸ್ಟಿಕ್ ಶೀಟಿನ ಮಾಡು ಕಟ್ಟಿದರೆ ಮಳೆ ತಡೆಯಬಹುದು, ಬಿಸಿಲು ತರಲಾಗುವುದಿಲ್ಲ. ಸೊಪ್ಪಿಗೆ ಅಷ್ಟು ಬಿಸಿಲು ಬೇಡ. ಅದರಲ್ಲೂ ನಮ್ಮ ಅಮ್ಮಂದಿರ ಹಿತ್ತಲಿನ ಸೊಪ್ಪುಗಳು ಮಳೆಗೇ ಹುಟ್ಟಿದಂಥವು. ಕೆಸುವಿಗೆ ತೂತಿಲ್ಲದ ಬಕೆಟ್ಟೂ ನಡೆಯುತ್ತದೆ, ನನ್ನ ಹತ್ತಿರ ಹಿಡಿ ಮುರಿದ ಬಕೆಟ್ಟಿನಲ್ಲಿ ಮೂರು ವರ್ಷದಿಂದ ಕರಿ ದಂಟಿನ ಕೆಸು ಇದೆ, ಆಷಾಢದಲ್ಲಿ ಎರಡು ಸಲ ಪತ್ರೊಡೆ ಮಾಡಿ ಮೇಲಿನ ಮನೆ ಅಕ್ಕನಿಗೂ ಕೊಡುತ್ತೇನೆ. ಅದರ ಎಲೆಯಲ್ಲಿ ಸೂಜಿಯಂಥ ಹರಳು ಇರುತ್ತದೆ, ಗಂಟಲು ತುರಿಸುವುದು ಅದಕ್ಕೇ, ಹುಣಸೆಹುಳಿ ಕಡಿಮೆ ಮಾಡಬೇಡಿ, ಚೆನ್ನಾಗಿ ಬೇಯಿಸಿ. ಒಂದೆಲಗಕ್ಕೆ ಮಾತ್ರ ಅಗಲ ಟಬ್ಬೇ ಬೇಕು, ಆರು ಇಂಚು ಮಣ್ಣು ಸಾಕು, ಒಂದು ಬಳ್ಳಿ ನೆಟ್ಟರೆ ಎರಡು ತಿಂಗಳಲ್ಲಿ ಟಬ್ಬಿನ ಅಂಚು ದಾಟಿ ಕೆಳಗಿಳಿಯುತ್ತದೆ. ಹದಿನೈದು ಎಲೆ, ಚೂರು ಜೀರಿಗೆ, ನಾಲ್ಕು ಒಳ್ಳೆಮೆಣಸಿನ ಕಾಳು, ಒಂದು ಹಿಡಿ ಕಾಯಿತುರಿ, ಮಜ್ಜಿಗೆ, ಊಟಕ್ಕೆ ಬೇರೆ ಏನೂ ಬೇಡ. ಹೊನೆಗೊನೆಯೂ ಹಾಗೇ, ಸುಮ್ನೆ ಕಡ್ಡಿ ಚುಚ್ಚಿದರೆ ಬರುತ್ತದೆ.

ಬಸಳೆಯ ದಂಟು ಮಾರ್ಕೆಟ್ಟಿಂದ ತಂದದ್ದನ್ನೇ ನೆಡಿ. ಚಕ್ರಮುನಿ ಗಿಡ ಒಂದಿದ್ದರೆ ವರ್ಷವಿಡೀ ಸೊಪ್ಪು, ಆದರೆ ಹಸಿ ಎಲೆಯನ್ನು ಮಿಕ್ಸಿಗೆ ಹಾಕಿ ಜ್ಯೂಸ್ ಕುಡಿಯುವ ಹೊಸ ಹುಚ್ಚು ಬೇಡ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಇದರ ಹಸಿ ರಸ ದಿನಾ ಕುಡಿದು ಎಷ್ಟೋ ಜನರ ಶ್ವಾಸಕೋಶವೇ ಕೆಟ್ಟಿತ್ತು. ನಮ್ಮ ಹಿರಿಯರ ಹಾಗೆ ಬೇಯಿಸಿ, ಪಲ್ಯಕ್ಕೆ ಒಂದು ಹಿಡಿ ಸಾಕು. ದೊಡ್ಡಪತ್ರೆ ಮಾತ್ರ ಮಳೆಗೆ ಕರಗುತ್ತದೆ, ಅದನ್ನು ಸಜ್ಜಾದ ಕೆಳಗೆ ಎಳೆದಿಡಿ.

ಶುಂಠಿ, ಅರಿಶಿನವನ್ನು ಭರಣಿ ಮಳೆ ಬಿದ್ದ ಕೂಡಲೇ, ಅಂದರೆ ಏಪ್ರಿಲ್ ಕೊನೆಗೆ, ಅಕ್ಕಿ ಚೀಲದಲ್ಲಿ ಹಾಕಿಬಿಡುತ್ತೇನೆ. ಅರ್ಧ ಚೀಲ ಮಣ್ಣು, ಬಾಯಿ ಮಡಚಿಟ್ಟಿರುತ್ತೇನೆ, ಗಿಡ ಎದ್ದ ಹಾಗೆ ಮಣ್ಣು ಏರಿಸಿ ಚೀಲ ಬಿಚ್ಚುತ್ತಾ ಹೋಗುವುದು. ಮೇಲೆ ಒಣಗಿದೆಲೆಯ ದರಗು ಮುಚ್ಚಿದರೆ ಮಳೆ ಹನಿ ಮಣ್ಣು ಕೊರೆಯುವುದಿಲ್ಲ. ಎಲೆ ಒಣಗಿದ ಮೇಲೆ ಜನವರಿಯಲ್ಲಿ ಚೀಲ ಬೋರಲು ಹಾಕಿದರೆ ಆಯಿತು, ಗುದ್ದಲಿ ಬೇಡ.

ಇದೆಲ್ಲಕ್ಕಿಂತ ನನಗೆ ಹೆಮ್ಮೆ ಇರುವುದು ಕುಂಡದ ಕಾಳುಮೆಣಸಿನ ಬಗ್ಗೆ. ಮೆಣಸಿಗೆ ಮರ ಬೇಕು ಅಂತ ನಾವೆಲ್ಲ ಅಂದುಕೊಂಡಿದ್ದೇವೆ ಅಲ್ವಾ? ಮರ ಹತ್ತುವುದು ಬಳ್ಳಿಯ ನೇರ ಕುಡಿ. ಕರೆ, ಅಂದರೆ ಕಾಳಿನ ಗೊಂಚಲು, ಬಿಡುವ ಪಕ್ಕದ ರೆಂಬೆಯನ್ನು ಕುಯ್ದು ಬೇರು ಬರಿಸಿದರೆ ಅದು ಹತ್ತುವುದಿಲ್ಲ, ಪೊದೆಯಾಗಿ ಕುಂಡದಲ್ಲೇ ಕೂರುತ್ತದೆ. ಬೇರು ಬರಿಸುವುದು ಸುಲಭ ಇಲ್ಲ, ನನ್ನದು ಹತ್ತರಲ್ಲಿ ಎರಡು ಬದುಕಿದವು. ಬ್ರೆಜಿಲ್ ಹಿಪ್ಪಲಿ ಬುಡಕ್ಕೆ ಕಸಿ ಕಟ್ಟಿದ ಗಿಡ ನರ್ಸರಿಯಲ್ಲಿ ಸಿಗುತ್ತದೆ, ಅದಕ್ಕೆ ಬುಡ ಕೊಳೆಯುವ ಕಾಟವೂ ಕಡಿಮೆ. ಹನ್ನೆರಡು ಇಂಚಿನ ಕುಂಡ, ಅರ್ಧ ನೆರಳು. ಸಾರಿಗೆ ಹಸಿ ಕರೆ ಕುಯ್ದು ತಂದಾಗ ಅತ್ತೆ ಮೂಸಿ ನೋಡಿ, "ಇದು ಅಂಗಡಿದಲ್ಲ" ಅಂದರು. ಅವರು ಹೊಗಳುವುದು ವರ್ಷಕ್ಕೆ ಒಂದು ಸಲ.

ಮಂಗಗಳ ಬಗ್ಗೆ ಬರೆದರೆ ಪತ್ರ ಮುಗಿಯುವುದಿಲ್ಲ. ಪೇಟೆ ಒಳಗೇ ಬರುತ್ತವೆ. ನಮ್ಮಲ್ಲಿ ಇಷ್ಟು ವರ್ಷದಲ್ಲಿ ಶುಂಠಿ, ಕೆಸು, ಮೆಣಸು ಮುಟ್ಟಿಲ್ಲ, ಬದನೆ ಕಚ್ಚಿ ಕಚ್ಚಿ ಬಿಸಾಡುತ್ತವೆ. ಬಸವನಹುಳುವಿಗೆ ಬೂದಿ ಸುತ್ತು ಹಾಕಿ ಅಂತ ಬರೆಯುತ್ತಾರೆ. ಮಳೆಯಲ್ಲಿ ಬೂದಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಬರೆಯುವವರು ಯೋಚನೆ ಮಾಡಬೇಕು. ರಾತ್ರಿ ಒದ್ದೆ ಗೋಣಿಚೀಲ ಹಾಸಿ ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಗುಂಪಾಗಿ ಸಿಗುತ್ತವೆ, ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಹೆಕ್ಕಿ ಉಪ್ಪುನೀರಿಗೆ ಹಾಕಿ. ಬೇರೆ ದಾರಿ ನನಗೆ ಸಿಕ್ಕಿಲ್ಲ.

ಬಾಡಿಗೆ ಮನೆಯವರಿಗೆ ಒಂದು ಮಾತು. ಇಪ್ಪತ್ತು ಲೀಟರ್ ಬಕೆಟ್ಟಿನ ಮಣ್ಣು ಮಳೆ ಕುಡಿದರೆ ಸುಮಾರು ಮೂವತ್ತು ಕೆಜಿ ತೂಗುತ್ತದೆ. ಹತ್ತು ಬಕೆಟ್ಟು ನಡುಮಧ್ಯೆ ಗುಡ್ಡೆ ಹಾಕಬೇಡಿ, ಗೋಡೆ ಇರುವ ಸಾಲಿನ ಮೇಲೆ ಇಡಿ. ನಮ್ಮ ಮನೆ ಓನರು ಮೊದಲ ವರ್ಷ ಮೇಲೆ ಬಂದು, "ಏನಮ್ಮಾ, ತಾರಸಿ ಸೋರಿದ್ರೆ ನೀವು ಕಟ್ಟಿ ಕೊಡ್ತೀರಾ?" ಅಂತ ಕೇಳಿದ್ದರು. ಇಟ್ಟಿಗೆ ಮೇಲೆ ಕೂರಿಸಿದ್ದನ್ನು ತೋರಿಸಿದೆ, ಕೆಳಗೆ ಗಾಳಿ ಆಡುತ್ತದೆ, ನೀರು ನಿಲ್ಲುವುದಿಲ್ಲ ಅಂತ. ಈಗ ಅವರ ಮನೆಯವರೇ ಬಂದು ಕರಿಬೇವು ಕುಯ್ದುಕೊಂಡು ಹೋಗುತ್ತಾರೆ, ಕೇಳುವುದೂ ಇಲ್ಲ.

ಈಗ ನಿಮ್ಮಲ್ಲಿ ನನ್ನ ಬೇಡಿಕೆ. ಮಳೆಗಾಲದಲ್ಲಿ ನೀವು ದಿನಾ ಲಿಂಗನಮಕ್ಕಿ ಇವತ್ತು ಎಷ್ಟು, ಗರಿಷ್ಠ 1819 ಅಡಿ, ಭದ್ರಾ ಎಷ್ಟು, ಗರಿಷ್ಠ 186 ಅಡಿ ಅಂತ ಹಾಕುತ್ತೀರಿ. ಪಕ್ಕದಲ್ಲಿ ಅಡಿಕೆಯ ರಾಶಿ, ಬೆಟ್ಟೆ, ಗೊರಬಲು ಧಾರಣೆ. ನಾವು ಬೆಳಿಗ್ಗೆ ಮೊದಲು ನೋಡುವುದೇ ಅದನ್ನು. ಅದರ ಕೆಳಗೆ ಎರಡು ಬೆರಳು ಜಾಗ ಕೊಡಿ. ಮಳೆ ನಕ್ಷತ್ರ ಬದಲಾದಾಗಲೆಲ್ಲ, ಅಂದರೆ ಹದಿನಾಲ್ಕು ದಿನಕ್ಕೊಮ್ಮೆ, ಈ ಮಳೆಯಲ್ಲಿ ಕುಂಡಕ್ಕೆ ಏನು ಹಾಕಬಹುದು, ಏನು ಹಾಕಬಾರದು ಅಂತ ನಾಲ್ಕು ಸಾಲು. ನಮ್ಮ ಜಿಲ್ಲೆಯಲ್ಲೇ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಅಲ್ಲಿಯವರನ್ನು ಕೇಳಿದರೆ ಬರೆಯಲಾರರೇ? ಒಂದೇ ಸಲಹೆ ಇಡೀ ಜಿಲ್ಲೆಗೂ ಆಗುವುದಿಲ್ಲ ಅನ್ನುವುದು ಗೊತ್ತು. ಶಿಕಾರಿಪುರದವರಿಗೆ ಮಳೆ ಬರಲಿ ಅನ್ನುವ ಚಿಂತೆ ಇರುವ ದಿನವೇ ಹುಲಿಕಲ್ಲಿನವರಿಗೆ ನಿಲ್ಲಲಿ ಅನ್ನುವ ಚಿಂತೆ. ಮಳೆ ಜಾಸ್ತಿ ಇರುವ ಕಡೆಗೆ ಎರಡು ಸಾಲು, ಕಡಿಮೆ ಇರುವ ಕಡೆಗೆ ಎರಡು ಸಾಲು ಬರೆದರೆ ಆಯಿತು.

ಆ ಟೊಮೆಟೊ ಲೇಖನವನ್ನು ಬಿಸಾಡಬೇಡಿ. ದೀಪಾವಳಿ ಆಸುಪಾಸಿನಲ್ಲಿ, ಸ್ವಾತಿ ಮಳೆ ಮುಗಿದು ಇಬ್ಬನಿ ಶುರುವಾದಾಗ, ಅದನ್ನೇ ಹಾಗೇ ಇನ್ನೊಮ್ಮೆ ಹಾಕಿ. ಆಗ ನಮಗೂ ಟೊಮೆಟೊ ಬರುತ್ತದೆ, ಕೊತ್ತಂಬರಿ ಬೀಜ ಎರಡು ಹೋಳು ಮಾಡಿ ಉದುರಿಸಿದರೆ ನಲವತ್ತು ದಿನಕ್ಕೆ ಕುಯ್ಯಬಹುದು, ಮೆಂತ್ಯ ತಿಂಗಳೊಳಗೆ. ಮೂಲಂಗಿಯೂ ಬರುತ್ತದೆ. ನೀರೂ ಎರಡು ಹೊತ್ತು ಬೇಕಾಗುತ್ತದೆ, ಮಾರ್ಚಿನ ಬಿಸಿಲಿಗಂತೂ ಖಂಡಿತ. ಆಗ ಕತ್ತರಿಸಿ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತೇನೆ. ಹೋದ ವಾರದ್ದು ಹೇಗೂ ಒದ್ದೆಯಾಗಿ ಹೋಯಿತು.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಗೋಪಾಲ, ಶಿವಮೊಗ್ಗ